ಜಾನಿಕೊಲೊ ಗುಡ್ಡದ ಮೇಲಿನ ದೊಡ್ಡ ಕಾರಂಜಿ

ಸೋಮವಾರ

ರೋಮ್ ನಗರದ ಏಳು ಗುಡ್ಡಗಳ ಹೆಸರುಗಳನ್ನು ಇತಿಹಾಸದ ಪಾಠದಲ್ಲಿ ಉರುಹೊಡೆದವರಿಗೆ ಆ ಪಟ್ಟಿಯಲ್ಲಿ ಜಾನಿಕೊಲೊ ಸಿಕ್ಕುವುದಿಲ್ಲ. ಅದು ಟೈಬರ್ ನದಿಯ ಪಶ್ಚಿಮ ದಡದಲ್ಲಿ, ಹಳೆಯ ನಗರದ ಎಣಿಕೆಯಿಂದ ಹೊರಗೆ ಉಳಿದುಕೊಂಡ ಗುಡ್ಡ. ಎತ್ತರವೇನೋ 80 ಮೀಟರಿಗಿಂತ ತುಸು ಹೆಚ್ಚು; ಆ ಏಳು ಗುಡ್ಡಗಳಲ್ಲಿ ಯಾವುದೂ ಅಷ್ಟು ಎತ್ತರವಿಲ್ಲ. ಪೋಪ್ ಐದನೆಯ ಪಾಲ್ 1612ರಲ್ಲಿ ಕಟ್ಟಿಸಿ ಮುಗಿಸಿದ ಆಕ್ವಾ ಪಾವೊಲಾ (ಅಂದರೆ ‘ಪಾಲ್‌ನ ನೀರು’) ಕಾರಂಜಿ ಈ ಗುಡ್ಡದ ಹೆಗಲಿನ ಮೇಲಿದೆ. ಊರಿನವರು ಅದನ್ನು ‘ಫೊಂತನೋನೆ’, ಅಂದರೆ ದೊಡ್ಡ ಕಾರಂಜಿ, ಎಂದು ಕರೆಯುತ್ತಾರೆ. ಟ್ರೆವಿ ಕಾರಂಜಿಯ ಮುಂದೆ ನಾಣ್ಯ ಎಸೆಯಲು ನೂಕುನುಗ್ಗಲಿನಲ್ಲಿ ನಿಲ್ಲುವ ಪ್ರವಾಸಿಗಳಲ್ಲಿ ಹೆಚ್ಚಿನವರು ಇಲ್ಲಿಯವರೆಗೆ ಬರುವುದಿಲ್ಲ. ನಾನು ಮತ್ತು ನನ್ನ ಹೆಂಡತಿ ಈ ಸಲ ರೋಮಿಗೆ ಬಂದಿದ್ದು ಮುಖ್ಯವಾಗಿ ಇದನ್ನು ನೋಡುವುದಕ್ಕೇ ಆದ್ದರಿಂದ, ಗುಡ್ಡದ ಬುಡದಲ್ಲಿರುವ ತ್ರಾಸ್ತೆವೆರೆ ಬಡಾವಣೆಯಲ್ಲಿ ಕೋಣೆ ಹಿಡಿದಿದ್ದೆವು.

ಸಂಜೆ ಗುಡ್ಡ ಹತ್ತುವಷ್ಟು ತ್ರಾಣ ಉಳಿದಿರಲಿಲ್ಲ. ನದಿಯ ಕಡೆಗೆ ನಡೆದು ತ್ರಿಲುಸ್ಸಾ ಚೌಕದಲ್ಲಿ ಕುಳಿತೆವು. ಅಲ್ಲಿಯೂ ಎತ್ತರದ ಮೆಟ್ಟಿಲುಗಳ ಮೇಲೆ, ಒಂದೇ ದೊಡ್ಡ ಕಮಾನಿನೊಳಗಿಂದ ನೀರು ಧುಮುಕುವ ಕಾರಂಜಿಯೊಂದಿದೆ. ಇದೂ ಐದನೆಯ ಪಾಲ್ ಕಟ್ಟಿಸಿದ್ದೇ, 1613ರಲ್ಲಿ; ಆದರೆ ಆಗ ಇದು ನದಿಯ ಆಚೆ ದಡದಲ್ಲಿ, ಜೂಲಿಯಾ ಬೀದಿಯ ಕೊನೆಯಲ್ಲಿತ್ತು. ಗುಡ್ಡದ ಮೇಲಿನ ನೀರನ್ನು ಸಿಸ್ತೊ ಸೇತುವೆಯ ಮೂಲಕ ಕೊಳವೆಯಲ್ಲಿ ದಾಟಿಸಿ ಅಲ್ಲಿಗೆ ಒಯ್ದಿದ್ದರು. 1870ರ ಮಹಾಪೂರದ ನಂತರ ಟೈಬರಿನ ಎರಡೂ ಬದಿಗೆ ತಡೆಗೋಡೆ ಕಟ್ಟುವಾಗ ಕಾರಂಜಿಯನ್ನು ಕಳಚಿದರು. ಅದರ ಕಲ್ಲುಗಳನ್ನು ಈಚೆ ದಡಕ್ಕೆ ತಂದು 1898ರಲ್ಲಿ ಮತ್ತೆ ಜೋಡಿಸಿದರು. ಮೆಟ್ಟಿಲುಗಳ ತುಂಬ ಹುಡುಗ ಹುಡುಗಿಯರು ಕುಳಿತಿದ್ದರು.

ಮಂಗಳವಾರ

ಕಾರಂಜಿಯ ಮುಖ ಪೂರ್ವದಲ್ಲಿರುವ ನಗರದ ಕಡೆಗಿದೆ. ಆದ್ದರಿಂದ ಅದನ್ನು ಬೆಳಗಿನ ಬಿಸಿಲಿನಲ್ಲಿ ನೋಡಬೇಕು. ಸಂಜೆಗೆ ಬಂದವರಿಗೆ ಹಿಂಬದಿಯ ಬೆಳಕಿನಲ್ಲಿ ಕಪ್ಪಾದ ಕಟ್ಟಡವೊಂದು ಕಂಡೀತು. ತ್ರಾಸ್ತೆವೆರೆಯಿಂದ ಗ್ಯಾರಿಬಾಲ್ಡಿ ಬೀದಿ ಸುತ್ತುಹಾಕಿ ಮೇಲೇರುತ್ತದೆ. ನಡೆಯಬಲ್ಲವರು ನಡುವೆ ಸಿಗುವ ಮೆಟ್ಟಿಲುದಾರಿಯನ್ನು ಹಿಡಿದು ಸಾನ್ ಪಿಯೆತ್ರೊ ಇನ್ ಮೊಂತೋರಿಯೊ ಚರ್ಚಿನ ಅಂಗಳಕ್ಕೆ ನೇರವಾಗಿ ಸೇರಬಹುದು. ಅಲ್ಲಿಂದ ಇನ್ನೂ ಸ್ವಲ್ಪ ಮೇಲೆ ಹೋದಾಗ, ತಿರುವಿನಾಚೆ ಕಟ್ಟಡ ಕಾಣಿಸುವ ಮೊದಲೇ ನೀರಿನ ಭೋರ್ಗರೆತ ಕೇಳಿಸಿತು.

ಮೊದಲ ನೋಟಕ್ಕೆ ಅದು ಕಾರಂಜಿಯಂತೆ ಕಾಣುವುದೇ ಇಲ್ಲ. ಮೂರು ದೊಡ್ಡ ಕಮಾನುಗಳು, ಅವುಗಳ ಎರಡು ಪಕ್ಕಕ್ಕೆ ಒಂದೊಂದು ಸಣ್ಣ ಕಮಾನು, ನಡುನಡುವೆ ಆರು ಕಂಬಗಳು, ಅವುಗಳ ಮೇಲೆ ದೊಡ್ಡ ಅಕ್ಷರಗಳ ಲ್ಯಾಟಿನ್ ಶಾಸನ, ಅದರ ಮೇಲೆ ದೇವದೂತರು ಎತ್ತಿ ಹಿಡಿದಿರುವ ಪೋಪರ ಲಾಂಛನ: ಯಾವುದೋ ಅರಮನೆಯ ಮುಂಭಾಗವನ್ನಷ್ಟೇ ಕಟ್ಟಿ ಹಿಂದಿನದನ್ನು ಕಟ್ಟುವುದು ಮರೆತಂತಿದೆ. “ಹಿಂದೆ ನಾಲ್ಕು ಗೋಡೆ ಎಬ್ಬಿಸಿದ್ದರೆ ಸಂಸಾರ ಹೂಡಬಹುದಿತ್ತಲ್ರೀ” ಎಂದು ನನ್ನ ಹೆಂಡತಿ ಅಂದದ್ದು ತಮಾಷೆಗಾದರೂ ತಪ್ಪಲ್ಲ. ಇಂಥ ಕಟ್ಟಡಗಳ ಉದ್ದೇಶವೇ ಅದು. ದೂರದಿಂದ ಕಾಲುವೆಯಲ್ಲಿ ಬಂದ ನೀರು ನಗರವನ್ನು ಮುಟ್ಟುವ ಜಾಗದಲ್ಲಿ, ‘ಇಗೋ ನೀರು ಬಂತು’ ಎಂದು ಊರಿಗೆಲ್ಲ ಸಾರುವುದಕ್ಕೆ ಎಬ್ಬಿಸಿದ ಮುಖಮಂಟಪ. ಪೋಪ್ ಐದನೆಯ ಸಿಕ್ಸ್ಟಸ್ 1580ರ ದಶಕದಲ್ಲಿ ನದಿಯ ಪೂರ್ವಕ್ಕಿರುವ ಎತ್ತರದ ಬಡಾವಣೆಗಳಿಗೆ ನೀರು ತಂದಾಗ ಇದೇ ಮಾದರಿಯಲ್ಲಿ ಮೋಸೆಸ್ ಕಾರಂಜಿ ಎದ್ದಿತ್ತು. ಅದನ್ನು ರಚಿಸಿದವನು ದೊಮೆನಿಕೊ ಫೊಂತಾನಾ. ಇಲ್ಲಿ ಅವನ ಅಣ್ಣ ಜೊವಾನ್ನಿ ಫೊಂತಾನಾ, ಫ್ಲಮೀನಿಯೊ ಪೊಂತ್ಸಿಯೊ ಎಂಬ ಶಿಲ್ಪಿಯೊಡನೆ, 1610ರಿಂದ 1612ರವರೆಗೆ ಕೆಲಸ ಮಾಡಿದ. ಮೋಸೆಸ್ ಕಾರಂಜಿಯ ನಡುವಿನಲ್ಲಿ ನಿಂತಿರುವ ಆ ಬೃಹತ್ ಪ್ರತಿಮೆಯನ್ನು ಅಂದಿನವರೇ ಗೇಲಿ ಮಾಡಿದ್ದರು. ಇಲ್ಲಿ ಕಮಾನುಗಳೊಳಗೆ ಪ್ರತಿಮೆಗಳೇ ಇಲ್ಲ, ನೀರೇ ಮೂರ್ತಿ. ಅಣ್ಣ ತಮ್ಮನನ್ನು ಮೀರಿಸಿದನೆಂದೇ ನನ್ನ ಅಭಿಪ್ರಾಯ.

ಮೂರು ದೊಡ್ಡ ಕಮಾನುಗಳಿಂದ ನೀರು ಅಗಲವಾದ ಪದರವಾಗಿ ಬೀಳುತ್ತದೆ. ಪಕ್ಕದ ಸಣ್ಣ ಕಮಾನುಗಳಲ್ಲಿ ರೆಕ್ಕೆಯ ಸರ್ಪದಂಥ ಡ್ರ್ಯಾಗನ್‌ಗಳು ಬಾಯಿಂದ ನೀರು ಉಗುಳುತ್ತವೆ. ಡ್ರ್ಯಾಗನ್ ಮತ್ತು ಹದ್ದು ಬೊರ್ಗೆಸೆ ಮನೆತನದ ಚಿಹ್ನೆಗಳು. ಐದನೆಯ ಪಾಲ್‌ನ ಹುಟ್ಟುಹೆಸರು ಕಮಿಲ್ಲೊ ಬೊರ್ಗೆಸೆ. ನೀರೆಲ್ಲ ಬಂದು ಸೇರುವ ಅರ್ಧಚಂದ್ರಾಕಾರದ ವಿಶಾಲ ಕೊಳ ಮಾತ್ರ ಮೂಲ ಕಟ್ಟಡದ್ದಲ್ಲ. ಮೊದಲು ಪ್ರತಿ ಕಮಾನಿನ ಕೆಳಗೂ ಒಂದೊಂದರಂತೆ ಐದು ಸಣ್ಣ ತೊಟ್ಟಿಗಳಿದ್ದವು. 1690ರಲ್ಲಿ, ತಲೆಮಾರುಗಳ ನಂತರದ ಕಾರ್ಲೊ ಫೊಂತಾನಾ ಅವನ್ನು ತೆಗೆದು ಈ ಕೊಳವನ್ನು ಕಟ್ಟಿದ. ಇಂದು ನಾವು ಬರೋಕ್ ಎಂದು ಮೆಚ್ಚುವ ಲಕ್ಷಣ, ಅಂದರೆ ಬಿಗಿಯಾಗಿ ನಿಂತ ಕಲ್ಲಿನ ಮುಂಭಾಗದ ಎದುರು ಹರಡಿಕೊಂಡು ನಮ್ಮ ಕಾಲ ಬಳಿಗೇ ಬರುವ ನೀರು, ಬಹುಪಾಲು ಈ ಕಾರ್ಲೊ ಫೊಂತಾನಾನ ಕೊಡುಗೆ. ಅಷ್ಟು ದೊಡ್ಡ ಕೊಳ ಸಿಕ್ಕಿದ ಮೇಲೆ ಜನ ಅದರಲ್ಲಿ ಈಜತೊಡಗಿದರಂತೆ; ಅದನ್ನು ನಿಷೇಧಿಸಿ ಆಳುವವರು ಆಜ್ಞೆ ಹೊರಡಿಸಬೇಕಾಯಿತು.

ಕಂಬಗಳನ್ನು ಹತ್ತಿರದಿಂದ ನೋಡಿದರೆ ಬಣ್ಣದ ವ್ಯತ್ಯಾಸ ತಿಳಿಯುತ್ತದೆ. ನಡುವಿನ ನಾಲ್ಕು ಕೆಂಪು ಗ್ರಾನೈಟ್, ಅಂಚಿನ ಎರಡು ಬೂದು. ಕೆಂಪು ಕಂಬಗಳು ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಾಲದ ಹಳೆಯ ಸಂತ ಪೀಟರ್ ಚರ್ಚಿನವು. ಆ ಚರ್ಚಿನ ಉಳಿದಿದ್ದ ಮುಂಭಾಗವನ್ನು ಇದೇ ಪೋಪ್ ಕೆಡವಿಸಿ ಹೊಸದನ್ನು ಪೂರ್ತಿ ಮಾಡಿಸುತ್ತಿದ್ದ. ಗೋಡೆಯ ಅಮೃತಶಿಲೆಯ ಕಥೆ ಇನ್ನೂ ಕಹಿ. ಪ್ರಾಚೀನ ರೋಮಿನ ನಡುವೆ, ನೆರ್ವಾ ಚಕ್ರವರ್ತಿಯ ಫೋರಮ್ ಎಂಬ ಸಾರ್ವಜನಿಕ ಚೌಕದಲ್ಲಿ, ಮಿನರ್ವಾ ದೇವಿಯ ಗುಡಿಯೊಂದು ಒಂದೂವರೆ ಸಾವಿರ ವರ್ಷ ಕಳೆದರೂ ನಿಂತೇ ಇತ್ತು. 1606ರಲ್ಲಿ ಅದನ್ನು ಕಲ್ಲಿಗಾಗಿ ಕೆಡವಿದರು. ಒಂದಷ್ಟು ಕಲ್ಲು ಈ ಕಾರಂಜಿಗೆ ಬಂತು, ಒಂದಷ್ಟು ಸಾಂತಾ ಮರಿಯಾ ಮಜ್ಜೋರೆ ಚರ್ಚಿನಲ್ಲಿ ಪೋಪರ ಮನೆತನದ ಪ್ರಾರ್ಥನಾಮಂದಿರಕ್ಕೆ ಹೋಯಿತು. ಕೋಟ್ಯಂತರ ಜನ ನೋಡಿ ಸಂತೋಷಪಡುವ ವಸ್ತುವೊಂದು ಹುಟ್ಟಿತಲ್ಲ ಎಂದು ಇದನ್ನು ಸಮರ್ಥಿಸುವವರಿದ್ದಾರೆ. ನನಗೆ ಆ ವಾದ ಒಪ್ಪಿಗೆಯಾಗಲಿಲ್ಲ. ಕಲ್ಲಿನ ಗಣಿಗಳಿಗೆ ಇಟಲಿಯಲ್ಲಿ ಅಂದೂ ಕೊರತೆಯಿರಲಿಲ್ಲ.

ಶಾಸನದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಬ್ರಾಚ್ಚಾನೊ ಸೀಮೆಯ ಅತ್ಯಂತ ಆರೋಗ್ಯಕರವಾದ ಬುಗ್ಗೆಗಳ ನೀರನ್ನು ಸಂಗ್ರಹಿಸಿ, ಆಕ್ವಾ ಆಲ್ಸಿಯೆತೀನಾ ಎಂಬ ಹಳೆಯ ಕಾಲುವೆಯನ್ನು ಜೀರ್ಣೋದ್ಧಾರ ಮಾಡಿ, ಹೊಸದನ್ನೂ ಸೇರಿಸಿ, 35 ಮೈಲಿ ದೂರದಿಂದ ತರಲಾಯಿತು ಎಂದು ಅದು ಹೇಳುತ್ತದೆ. ದೂರವೂ ಬುಗ್ಗೆಗಳೂ ಸರಿಯೇ, ಕಾಲುವೆಯ ಹೆಸರು ಮಾತ್ರ ತಪ್ಪು. ಆಲ್ಸಿಯೆತೀನಾ ಎಂಬುದು ಅಗಸ್ಟಸ್ ಚಕ್ರವರ್ತಿ ಕೃತಕ ನೌಕಾಯುದ್ಧದ ಆಟಗಳಿಗಾಗಿ ತೋಡಿಸಿದ ಕೊಳಕ್ಕೆ ನೀರು ತರುತ್ತಿದ್ದ ಕಾಲುವೆ. ಆ ನೀರು ಕುಡಿಯಲು ಯೋಗ್ಯವಲ್ಲವೆಂದು ರೋಮಿನ ನೀರು ಸರಬರಾಜಿನ ಅಧಿಕಾರಿಯಾಗಿದ್ದ ಫ್ರಾಂಟಿನಸ್ ಕ್ರಿ.ಶ. ಮೊದಲ ಶತಮಾನದ ಕೊನೆಯಲ್ಲೇ ಬರೆದಿಟ್ಟಿದ್ದ. ಪೋಪರ ಕೆಲಸಗಾರರು ಸರಿಪಡಿಸಿದ್ದು ಅದನ್ನಲ್ಲ, ಟ್ರಾಜನ್ ಚಕ್ರವರ್ತಿ ಕ್ರಿ.ಶ. 109ರಲ್ಲಿ ತೆರೆದ ಕಾಲುವೆಯನ್ನು. ಹೀಗೆ ತಾನು ತಂದ ಒಳ್ಳೆಯ ನೀರಿಗೆ ರೋಮಿನ ಅತಿ ಕೆಟ್ಟ ನೀರಿನ ಹೆಸರನ್ನು ಪೋಪ್ ಆಳೆತ್ತರದ ಗೌರವದೊಡನೆ ಕೆತ್ತಿಸಿಟ್ಟಿದ್ದಾನೆ. ನಾಲ್ಕು ನೂರು ವರ್ಷಗಳಿಂದ ಯಾರೂ ಅದನ್ನು ತಿದ್ದಿಲ್ಲ. 2019ರಲ್ಲಿ ಮುಗಿದ ಜೀರ್ಣೋದ್ಧಾರದಲ್ಲಿ ಕಲ್ಲಿನ ಮೇಲಿನ ಸುಣ್ಣದ ಪದರವನ್ನೂ ಕೊಳೆಯನ್ನೂ ತೆಗೆದಿರುವುದರಿಂದ ತಪ್ಪು ಮತ್ತಷ್ಟು ಸ್ಪಷ್ಟವಾಗಿ ಓದಲು ಸಿಗುತ್ತದೆ.

ಬೆನ್ನು ತಿರುಗಿಸಿದರೆ ರಸ್ತೆಯಾಚೆ ಒಂದು ಜಗಲಿ, ಅದರಾಚೆ ಇಡೀ ರೋಮ್. ಪ್ಯಾಂಥಿಯನ್ನಿನ ತಗ್ಗಾದ ಗುಮ್ಮಟ, ವಿಕ್ಟರ್ ಇಮ್ಯಾನುಯೆಲ್ ಸ್ಮಾರಕದ ಬಿಳಿ ರಾಶಿ, ಬಹುದೂರದಲ್ಲಿ ಆಲ್ಬನ್ ಗುಡ್ಡಗಳ ನೀಲಿ ಗೆರೆ. ಸಂತ ಪೀಟರ್ ಚರ್ಚಿನ ಗುಮ್ಮಟ ಮಾತ್ರ ಇಲ್ಲಿ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಗುಡ್ಡದ ಉತ್ತರದ ಕೊನೆಗೆ ಹೋಗಬೇಕು.

ಬುಧವಾರ

ಮತ್ತೆ ಮೇಲೆ ಹೋದೆವು, ಈ ಸಲ ಸುತ್ತಮುತ್ತಲನ್ನು ನೋಡಲು. ಸಾನ್ ಪಿಯೆತ್ರೊ ಇನ್ ಮೊಂತೋರಿಯೊ ಚರ್ಚಿನ ಪಕ್ಕದ ಅಂಗಳದಲ್ಲಿ, ಸಂತ ಪೀಟರನನ್ನು ಶಿಲುಬೆಗೇರಿಸಿದ ಜಾಗವೆಂದು ನಂಬಲಾದ ಕಡೆ, ಬ್ರಮಾಂತೆ ಕಟ್ಟಿದ ಚಿಕ್ಕ ದುಂಡು ಗುಡಿಯಿದೆ. ಸ್ಪೇನಿನ ರಾಜದಂಪತಿಗಳಾದ ಫರ್ಡಿನಾಂಡ್ ಮತ್ತು ಇಸಬೆಲ್ಲಾ ಕಟ್ಟಿಸಿದ್ದು. ಸುತ್ತ ಹದಿನಾರು ಕಂಬಗಳು, ಮೇಲೊಂದು ಗುಮ್ಮಟ, ಒಳಗೆ ನಾಲ್ಕೈದು ಜನ ನಿಂತರೆ ತುಂಬಿಹೋಗುವಷ್ಟು ಜಾಗ. ಬ್ರಮಾಂತೆಯ ಗುಡಿಗೂ ಕಾರಂಜಿಗೂ ನಡುವೆ ಕೆಲವೇ ನಿಮಿಷಗಳ ನಡಿಗೆಯಿದೆ, ನೂರು ವರ್ಷಗಳ ಅಂತರವಿದೆ. ಅಳತೆಯನ್ನು ಎಲ್ಲಿ ನಿಲ್ಲಿಸಬೇಕೆಂದು ಬಲ್ಲ ಕಲೆಗೂ ದೊಡ್ಡದಾಗಿ ಮಾತಾಡಲು ಹೊರಟ ಕಲೆಗೂ ಇರುವ ಭೇದವನ್ನು ಇಷ್ಟು ಹತ್ತಿರ ಹತ್ತಿರ ಇನ್ನೆಲ್ಲಿಯೂ ನಾನು ಕಂಡಿಲ್ಲ.

ಕಾರಂಜಿಯನ್ನು ದಾಟಿ ಏರಿದರೆ ಸಾನ್ ಪಂಕ್ರಾತ್ಸಿಯೊ ದ್ವಾರ. ಅದರ ಹತ್ತಿರದ ದ್ರಾಕ್ಷಿತೋಟದಲ್ಲಿ 1611ರ ಏಪ್ರಿಲ್ 14ರ ರಾತ್ರಿ ಲಿಂಚೇಯಿ ವಿದ್ವತ್ಸಭೆಯ ಫೆದೆರಿಕೊ ಚೇಸಿ ಔತಣವೊಂದನ್ನು ಏರ್ಪಡಿಸಿ ಗೆಲಿಲಿಯೊನನ್ನು ಕರೆದಿದ್ದ. ಗೆಲಿಲಿಯೊ ತನ್ನ ದೂರದರ್ಶಕದಲ್ಲಿ ಅತಿಥಿಗಳಿಗೆ ಗುರುಗ್ರಹದ ಉಪಗ್ರಹಗಳನ್ನು ತೋರಿಸಿದ. ಅಲ್ಲಿಂದ ಇಳಿಜಾರಿನಲ್ಲಿ ಅಷ್ಟೇ ಹೊತ್ತಿಗೆ ಈ ಕಾರಂಜಿಯ ಕಲ್ಲುಗಳು ಏರುತ್ತಿದ್ದವು. ಐದನೆಯ ಪಾಲ್ ಆ ವಸಂತದಲ್ಲಿ ಗೆಲಿಲಿಯೊನನ್ನು ಆದರದಿಂದ ಕಂಡಿದ್ದ. ಐದು ವರ್ಷಗಳ ನಂತರ ಕೊಪರ್ನಿಕಸನ ಸಿದ್ಧಾಂತವನ್ನು ಬಿಟ್ಟುಬಿಡಬೇಕೆಂದು ಅವನಿಗೆ ಎಚ್ಚರಿಕೆ ಕೊಡಿಸಿದವನೂ ಇವನೇ.

ಈ ಗುಡ್ಡದ ಮೇಲೆ ಕಾಲಿಟ್ಟಲ್ಲೆಲ್ಲ 1849 ಎದುರಾಗುತ್ತದೆ. ಪೋಪರ ಆಳ್ವಿಕೆಯನ್ನು ಕಿತ್ತೊಗೆದು ಸ್ಥಾಪನೆಯಾದ ರೋಮನ್ ಗಣರಾಜ್ಯವನ್ನು ಮುಗಿಸಲು ಫ್ರೆಂಚ್ ಸೈನ್ಯ ಪಶ್ಚಿಮದಿಂದ ಬಂದಾಗ, ಗ್ಯಾರಿಬಾಲ್ಡಿಯ ಸ್ವಯಂಸೇವಕರು ಜೂನ್ ತಿಂಗಳಿಡೀ ಈ ದ್ವಾರದ ಆಸುಪಾಸಿನಲ್ಲಿ ತಡೆದು ನಿಂತರು. ಜುಲೈ 3ರಂದು ಫ್ರೆಂಚರು ನಗರವನ್ನು ಹೊಕ್ಕರು. ಇಟಲಿಯ ರಾಷ್ಟ್ರಗೀತೆಯ ಸಾಹಿತ್ಯ ಬರೆದ ಗೊಫ್ರೆದೊ ಮಮೇಲಿ ಇಲ್ಲಿ ಗಾಯಗೊಂಡು, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ. ಅವನ ಸಮಾಧಿ ಕಾರಂಜಿಯ ಹತ್ತಿರವೇ, 1941ರಲ್ಲಿ ಕಟ್ಟಿದ ಹುತಾತ್ಮರ ಅಸ್ಥಿಮಂದಿರದಲ್ಲಿದೆ. ಕಟ್ಟಡ ಮುಸೊಲಿನಿ ಕಾಲದ ಬಿರುಸಿನದು. ಹೆಚ್ಚು ಹೊತ್ತು ನಿಲ್ಲಬೇಕೆನಿಸಲಿಲ್ಲ. ಮೇಲಿನ ಬಯಲಿನಲ್ಲಿ 1895ರ ಗ್ಯಾರಿಬಾಲ್ಡಿಯ ಅಶ್ವಾರೂಢ ಪ್ರತಿಮೆಯಿದೆ. ಅದರ ಕೆಳಗಿನ ಕಟ್ಟೆಯಿಂದ ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಸೈನಿಕರು ತೋಪು ಹಾರಿಸುತ್ತಾರೆ. ಊರಿನ ಚರ್ಚುಗಳೆಲ್ಲ ಒಂದೇ ಹೊತ್ತಿಗೆ ಗಂಟೆ ಬಾರಿಸಲೆಂದು 1847ರಲ್ಲಿ ಶುರುವಾದ ಪದ್ಧತಿ ಇದು. ತೋಪು ಈ ಗುಡ್ಡಕ್ಕೆ ಬಂದದ್ದು 1904ರಲ್ಲಿ. ಗುಂಡಿಲ್ಲದ ತೋಪೇ ಆದರೂ ಎದೆ ಝಲ್ಲೆಂದಿತು.

ಗುರುವಾರ

ಕಾರಂಜಿಯನ್ನು ಕಣ್ತುಂಬ ನೋಡಿದ ಮೇಲೆ ನೀರು ಎಲ್ಲಿಂದ ಬರುತ್ತದೆಂದು ನೋಡದೆ ಹೋದರೆ ಅರ್ಧ ನೋಡಿದಂತೆ. ತ್ರಾಸ್ತೆವೆರೆ ನಿಲ್ದಾಣದಿಂದ ವಿತೆರ್ಬೊ ಕಡೆಗೆ ಹೋಗುವ ಲೋಕಲ್ ರೈಲು ಸುಮಾರು ಒಂದು ಗಂಟೆಯಲ್ಲಿ ಬ್ರಾಚ್ಚಾನೊ ತಲುಪಿಸುತ್ತದೆ. ಹಳೆಯ ಜ್ವಾಲಾಮುಖಿಯ ಕುಸಿತದಲ್ಲಿ ನಿಂತ ಸರೋವರ ಅದು. ವಿಸ್ತಾರ ಸುಮಾರು 57 ಚದರ ಕಿಲೋಮೀಟರ್, ನೀರಿನ ಮಟ್ಟ ಸಮುದ್ರಕ್ಕಿಂತ 160 ಮೀಟರಿನಷ್ಟು ಮೇಲೆ. ಕಾರಂಜಿಯ ಗುಡ್ಡಕ್ಕಿಂತ ಇದು ಎತ್ತರದಲ್ಲಿದೆ ಎಂಬ ಒಂದೇ ಸಂಗತಿಯಿಂದ ಎರಡು ಸಾವಿರ ವರ್ಷಗಳ ಈ ವ್ಯವಸ್ಥೆ ನಡೆದಿದೆ. ಕಾಲುವೆಗೆ ಎಲ್ಲಿಯೂ ನಿಲ್ಲದಂತೆ, ಎಲ್ಲಿಯೂ ರಭಸವಾಗದಂತೆ ಇಳುಕಲು ಕೊಟ್ಟರೆ ಸಾಕು, ನೀರು ತಾನಾಗಿ ಗುಡ್ಡದ ನೆತ್ತಿಗೆ ಬಂದು ಸೇರುತ್ತದೆ. ಸುಮಾರು 100 ಕಿಲೋಮೀಟರ್ ದೂರದಿಂದ ಹಂತಹಂತವಾಗಿ ಪಂಪು ಮಾಡಿ ಮೇಲೆತ್ತಿದ ಕಾವೇರಿಯನ್ನು ಕುಡಿಯುವ ಬೆಂಗಳೂರಿನವನಿಗೆ ಇದನ್ನು ಕಂಡು ಹೊಟ್ಟೆಕಿಚ್ಚಾದರೆ ಆಶ್ಚರ್ಯವಿಲ್ಲ.

ಟ್ರಾಜನ್ನನ ಕಾಲುವೆ ಸರೋವರದ ನೀರನ್ನು ಮುಟ್ಟುತ್ತಿರಲಿಲ್ಲ. ಸುತ್ತಲಿನ ದಿಣ್ಣೆಗಳ ಬುಗ್ಗೆಗಳಿಂದ ತಿಳಿನೀರನ್ನಷ್ಟೇ ಕೂಡಿಸಿಕೊಳ್ಳುತ್ತಿತ್ತು. ಆ ಬುಗ್ಗೆಗಳಲ್ಲೊಂದರ ಮೇಲೆ ಕಟ್ಟಿದ ರೋಮನ್ ಕಾಲದ ನೆಲಮಾಳಿಗೆಯ ಗುಡಿಯನ್ನು, ಪಾಳುಬಿದ್ದ ಚರ್ಚೊಂದರ ಅಡಿಯಲ್ಲಿ, ಇಬ್ಬರು ಬ್ರಿಟಿಷ್ ಸಾಕ್ಷ್ಯಚಿತ್ರಕಾರರು 2009ರಲ್ಲಿ ಗುರುತಿಸಿದರು. ಐದನೆಯ ಪಾಲ್ ಬ್ರಾಚ್ಚಾನೊದ ಒಡೆಯರಾದ ಓರ್ಸಿನಿ ಮನೆತನದಿಂದ ಕೊಂಡಿದ್ದು ಬುಗ್ಗೆಗಳ ಈ ನೀರನ್ನೇ. ನೀರು ಸಾಲದಾದಾಗ, ಅವನ ನಂತರದವರು 1670ರ ದಶಕದಲ್ಲಿ ಸರೋವರದ ನೀರನ್ನೂ ಕಾಲುವೆಗೆ ಸೇರಿಸಿದರು. ನೀರಿನ ಪ್ರಮಾಣ ಹೆಚ್ಚಿತು, ರುಚಿ ಕೆಟ್ಟಿತು. ಬೆಲೆಬಾಳದ ವಸ್ತುವನ್ನು ‘ಆಕ್ವಾ ಪಾವೊಲಾದಷ್ಟು ಬೆಲೆ’ ಎಂದು ರೋಮಿನ ಜನ ಹಂಗಿಸುವ ಮಟ್ಟಕ್ಕೆ ಹೋಯಿತು. ಶಾಸನದ ತಪ್ಪು ಹೆಸರು ಹೀಗೆ ಅರವತ್ತು ವರ್ಷ ತಡವಾಗಿ ಸ್ವಲ್ಪಮಟ್ಟಿಗೆ ನಿಜವಾಯಿತು ಎನ್ನಬಹುದು.

ಓರ್ಸಿನಿಗಳ ಕೋಟೆಮನೆ ಊರಿನ ನೆತ್ತಿಯ ಮೇಲಿದೆ. ಒಳಗೆ ಹೋಗದೆ ದಡಕ್ಕಿಳಿದು ಅಲ್ಲಿಯ ಖಾನಾವಳಿಯಲ್ಲಿ ಊಟ ಮಾಡಿದೆವು. 2017ರ ಬರಗಾಲದಲ್ಲಿ ಸರೋವರದ ಮಟ್ಟ ಕುಸಿದು, ದಡ ಹತ್ತಾರು ಹೆಜ್ಜೆ ಹಿಂದೆ ಸರಿದು, ರೋಮಿಗೆ ಇಲ್ಲಿಂದ ನೀರೆತ್ತುವುದನ್ನು ನಿಲ್ಲಿಸುವಂತೆ ಲಾತ್ಸಿಯೊ ಪ್ರಾಂತದ ಸರ್ಕಾರ ಆಜ್ಞೆ ಮಾಡಿತ್ತು. ನಗರವು ಪಡಿತರದಂತೆ ನೀರು ಹಂಚುವ ಮಾತು ಆಡತೊಡಗಿದ್ದು ಆ ಬೇಸಿಗೆಯಲ್ಲೇ.

ಶುಕ್ರವಾರ

ಸಾನ್ ಪಂಕ್ರಾತ್ಸಿಯೊ ದ್ವಾರದಿಂದ ಪಶ್ಚಿಮಕ್ಕೆ ಹೊರಟ ಹಳೆಯ ಔರೇಲಿಯಾ ರಸ್ತೆಯಲ್ಲಿ, ದೋರಿಯಾ ಪಾಂಫಿಲಿ ಉದ್ಯಾನದ ಮಗ್ಗುಲಿಗೆ, ಐದನೆಯ ಪಾಲ್‌ನ ಕಾಲುವೆಯ ಕಮಾನುಗಳು ಇಂದಿಗೂ ನಿಂತಿವೆ. ಒಂದು ಕಡೆ ಕಾಲುವೆ ರಸ್ತೆಯನ್ನೇ ಅಡ್ಡ ದಾಟುತ್ತದೆ. ಅಲ್ಲಿ ಪೋಪರ ಹೆಸರು ಹೊತ್ತ ದೊಡ್ಡ ಕಮಾನಿದೆ. ರಸ್ತೆ ಇಕ್ಕಟ್ಟು, ಎರಡೂ ಕಡೆ ಎತ್ತರದ ಗೋಡೆ, ಕಾಲುದಾರಿಯಿಲ್ಲ, ವಾಹನಗಳು ಮೈಗೆ ತಾಗುವಂತೆ ಹೋಗುತ್ತವೆ. ಕಮಾನುಗಳನ್ನು ನೋಡಬಯಸುವವರು ಉದ್ಯಾನದ ಒಳಗಿನಿಂದಲೇ ನೋಡುವುದು ಕ್ಷೇಮ.

ಇದೇ ಗುಡ್ಡದ ಇಳಿಜಾರಿನಲ್ಲಿ ಪ್ರಾಚೀನರು ಟ್ರಾಜನ್ನನ ನೀರಿನಿಂದ ಹಿಟ್ಟಿನ ಗಿರಣಿಗಳನ್ನು ತಿರುಗಿಸುತ್ತಿದ್ದರು. ಕ್ರಿ.ಶ. 537ರಲ್ಲಿ ಗಾಥರು ನಗರವನ್ನು ಮುತ್ತಿ ಕಾಲುವೆಗಳನ್ನು ಕಡಿದಾಗ ಗಿರಣಿಗಳು ನಿಂತುಹೋದವು. ರೋಮನ್ನು ರಕ್ಷಿಸುತ್ತಿದ್ದ ಸೇನಾಪತಿ ಬೆಲಿಸೇರಿಯಸ್ ಟೈಬರ್ ನದಿಯಲ್ಲಿ ದೋಣಿಗಳನ್ನು ಕಟ್ಟಿ, ಅವುಗಳ ನಡುವೆ ಚಕ್ರ ಕೂಡಿಸಿ, ಹರಿಯುವ ಹೊಳೆಯಿಂದಲೇ ಹಿಟ್ಟು ಬೀಸಿಸಿದ. ಪೋಪ್ ನೀರನ್ನು ಮರಳಿ ತಂದ ಮೇಲೆ ಗುಡ್ಡದ ಮೇಲೆ ಗಿರಣಿಗಳೂ ಮರಳಿದವು. ಕಾರಂಜಿಯಿಂದ ಉಕ್ಕಿ ಬಂದ ನೀರು ವ್ಯರ್ಥವಾಗದೆ ಚಕ್ರಗಳ ಮೇಲೆ ಬಿದ್ದು, ಆಮೇಲೆ ತ್ರಾಸ್ತೆವೆರೆಗೆ ಇಳಿಯುತ್ತಿತ್ತು.

ಮಧ್ಯಾಹ್ನ ವ್ಯಾಟಿಕನ್ನಿಗೆ ನಡೆದೆವು. ಸಂತ ಪೀಟರ್ ಚೌಕದ ಹಳೆಯ ಕಾರಂಜಿಗೆ 1490ರಿಂದಲೂ ನೀರಿನ ಬಡತನವಿತ್ತು. ಆಕ್ವಾ ಪಾವೊಲಾ ಬಂದ ಮೇಲೆ ಕಾರ್ಲೊ ಮದೆರ್ನೊ 1614ರ ಹೊತ್ತಿಗೆ ಅದನ್ನು ಪುನಃ ರೂಪಿಸಿದ. ಗುಡ್ಡದ ಎತ್ತರದಿಂದ ಇಳಿದು ಬರುವ ನೀರಿಗೆ ಒತ್ತಡವಿರುವುದರಿಂದ ಇಲ್ಲಿ ಅದು ಆಳುದ್ದಕ್ಕೂ ಮೀರಿ ಮೇಲೆ ಚಿಮ್ಮುತ್ತದೆ. ತಗ್ಗಿನಲ್ಲಿ ಬರುವ ಆಕ್ವಾ ವೆರ್ಜಿನೆ ಕಾಲುವೆಯನ್ನು ನಂಬಿದ ಟ್ರೆವಿಯಲ್ಲಿ ನೀರನ್ನು ಬಂಡೆಗಳ ಮೇಲೆ ಹರಿಯಬಿಡುವುದಲ್ಲದೆ ಬೇರೆ ದಾರಿಯಿರಲಿಲ್ಲ. ಚರ್ಚಿಗೆ ಮುಖ ಮಾಡಿ ನಿಂತರೆ ಬಲಗಡೆಯದು ಮದೆರ್ನೊನ ಕಾರಂಜಿ. ಎಡಗಡೆಗೆ ಬರ್ನಿನಿಯ ವಿನ್ಯಾಸದಂತೆ 1677ರಲ್ಲಿ ಅದರ ಜೋಡಿಯನ್ನು ನಿಲ್ಲಿಸಿದರು. ಎರಡರ ನಡುವೆ, ಚರ್ಚಿನ ನೆತ್ತಿಯ ಪಟ್ಟಿಯಲ್ಲಿ, ಐದನೆಯ ಪಾಲ್ ಬೊರ್ಗೆಸೆಯ ಹೆಸರೂ ಕಾರಂಜಿಯ ಮೇಲಿದ್ದ ಅದೇ 1612ರ ಇಸವಿಯೂ ಇನ್ನೂ ದೊಡ್ಡ ಅಕ್ಷರಗಳಲ್ಲಿವೆ. ಚೌಕ ಭದ್ರತಾ ತಪಾಸಣೆಯ ಸರದಿಯಲ್ಲಿ ನಿಂತವರಿಂದ ತುಂಬಿತ್ತು; ನಮಗೆ ಒಳಗೆ ಹೋಗುವ ಉದ್ದೇಶವಿರಲಿಲ್ಲವಾದ್ದರಿಂದ ಎರಡು ಕಾರಂಜಿಗಳನ್ನೂ ಒಂದು ಸುತ್ತು ಬಂದು ವಿಮಾನ ನಿಲ್ದಾಣದ ಬಸ್ಸು ಹಿಡಿದೆವು.